ಊರಮನೆಗೊಂದು ಹಗುರ ಸೂರು

ಎಲ್ಸುಮ್, ಗ್ರೋನಿಂಗೆನ್
ಮಾರ್ಚ್ ೧೨, ೨೦೨೪

ಪ್ರೀತಿಯ ಎಪ್ಪೊ,

ಹೀಗೆ ಕರೆಯಲೋ ಬೇಡವೋ ಎಂದು ಪೆನ್ನು ಸ್ವಲ್ಪ ಹೊತ್ತು ನಿಂತಿತು. ಬೇರೆ ಯಾವುದೂ ಹೊಂದಲಿಲ್ಲ, ಇದೇ ಇರಲಿ. ನೀನು ಚೆನ್ನಾಗಿದ್ದೀಯೆಂದು ಪತ್ರಿಕೆಯ ಚಿತ್ರದಿಂದ ತಿಳಿಯಿತು. ತೆಳ್ಳಗಾಗಿದ್ದೀಯ.

ಊರ ಸಮಿತಿಗೆ ನೀನು ಬರೆದ ಉತ್ತರ ಓದಿದೆ. ನನ್ನ ವಿನ್ಯಾಸ ಬೇಡವಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂಬ ಒಂದೇ ಸಾಲು. ಸಿಟ್ಟು ಬಂದರೆ ಪುಟಗಟ್ಟಲೆ ಬರೆಯುವವನು ನೀನು. ಒಂದೇ ಸಾಲು ಬರೆದಿದ್ದೀಯೆಂದರೆ ನೋವಾಗಿದೆ. ಸಭೆಯಲ್ಲಿ ಏನಾಯಿತೆಂದು ಸಮಿತಿಯವರು ನಿನಗೆ ಅರ್ಧ ಮಾತ್ರ ಹೇಳಿದ್ದಾರೆ. ಉಳಿದರ್ಧ ನಾನು ಹೇಳುತ್ತೇನೆ.

ಊರವರೆಲ್ಲ ಸೇರುತ್ತಿದ್ದ ಹಳೆಯ ಊರಮನೆಯನ್ನು ಕೆಡವಿದ ದಿನ ನೀನು ಬರಲಿಲ್ಲ. ನಿನ್ನ ಮೊದಲ ಕಟ್ಟಡ, ಬರಲು ಮನಸ್ಸಾಗಲಿಲ್ಲವೆಂದುಕೊಂಡೆ. ನೆಲದಡಿಯ ಅನಿಲ ತೆಗೆದೂ ತೆಗೆದೂ ನಮ್ಮ ಮಣ್ಣು ನಡುಗಲು ಶುರುವಾದ ಮೇಲೆ ಅದರ ಇಟ್ಟಿಗೆ ಗೋಡೆಗಳಲ್ಲಿ ಕೈಬೆರಳು ತೂರುವಷ್ಟು ಬಿರುಕು ಬಿಟ್ಟಿದ್ದವು. ತಪ್ಪು ನಿನ್ನದಲ್ಲವೆಂದು ಇಲ್ಲಿ ಎಲ್ಲರಿಗೂ ಗೊತ್ತು. ಹೊಸದನ್ನೂ ನೀನೇ ಕಟ್ಟಿಕೊಡಲು ಒಪ್ಪಿದೆಯೆಂದಾಗ ಬೇಕರಿಯ ಹಾರ್ಮನ್ ಗಿರಾಕಿಗಳಿಗೆಲ್ಲ ಪುಕ್ಕಟೆ ಕಾಫಿ ಕೊಟ್ಟ.

ಆಮೇಲೆ ನಿನ್ನ ರಟ್ಟಿನ ಮಾದರಿ ಬಂತು. ಚರ್ಚಿನ ಪಕ್ಕದ ಕೋಣೆಯಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ ಎಲ್ಲರೂ ಸುತ್ತ ನೆರೆದು ಬಗ್ಗಿ ನೋಡಿದೆವು. ನಾಲ್ಕೂ ಕಡೆ ಗಾಜು, ಮೇಲೆ ತೇಲುವಂತೆ ಅಗಲವಾದ ಕಾಂಕ್ರೀಟ್ ಸೂರು. ಚೆಲುವಾಗಿತ್ತು ಎಪ್ಪೊ, ಸುಳ್ಳು ಹೇಳುವುದಿಲ್ಲ. ಮೊದಲು ಬಾಯಿಬಿಟ್ಟವಳು ಆಲ್ತ್ಯೆ ಅಜ್ಜಿ.

"ಇದೇನಪ್ಪ, ತಲೆ ಮೇಲೆ ಇಷ್ಟು ದೊಡ್ಡ ಬಂಡೆ! ನನ್ನ ಅಡುಗೆಮನೆ ಚಿಮಣಿ ಬಿದ್ದಾಗ ನಾನು ಕೆಳಗೇ ನಿಂತಿದ್ದೆ. ಇದರಡೀಲಿ ಕೂತ್ರೆ ಬಟಾಣಿ ಸೂಪು ಗಂಟಲಲ್ಲಿ ಇಳಿಯುತ್ತಾ?"

ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ತಮ್ಮ ಮನೆಯ ಸದ್ದುಗಳನ್ನು ಹೇಳಿಕೊಂಡರು: ಬೆಳಗಿನ ಜಾವದ ಗುಡುಗಿನಂಥದ್ದು, ಕಪಾಟಿನ ಪಿಂಗಾಣಿ ಕುಣಿದದ್ದು. ಲೆಕ್ಕಾಚಾರದ ಪ್ರಕಾರ ನಿನ್ನ ಸೂರು ಗಟ್ಟಿಯೇ ಎಂದು ಸಮಿತಿಯವರು ಹೇಳಿದರು. ಭಯ ಲೆಕ್ಕಾಚಾರ ಕೇಳುವುದಿಲ್ಲ. ಆಗ ಸಿದ್ಧ ಕಟ್ಟಡಗಳ ಕಂಪನಿಯವನೊಬ್ಬ ಎದ್ದು, ತಗಡಿನ ಸಭಾಂಗಣವನ್ನು ಬೇಸಿಗೆಯೊಳಗೆ ತಂದು ನಿಲ್ಲಿಸುತ್ತೇನೆಂದು ಬಣ್ಣದ ಚಿತ್ರ ಹಂಚಿದ. ಆಲೂಗಡ್ಡೆ ತುಂಬಿಡುವ ಗೋದಾಮಿನ ಹಾಗಿತ್ತು. ಆದರೂ ಕೈಗಳು ಏಳತೊಡಗಿದವು.

ಆಗ ನಾನು ಎದ್ದು ನಿಂತೆ. ಯಾಕೆಂದು ಕೇಳಬೇಡ.

ಎಪ್ಪೊ ಕಟ್ಟಿದ ಗ್ರಂಥಾಲಯ ನೋಡಿದ್ದೀರಾ ಎಂದು ಕೇಳಿದೆ. ಆ ಅಗಲವಾದ ಮೆಟ್ಟಿಲುಗಳ ಮೇಲೆ ಶಾಲೆ ಬಿಟ್ಟ ಮಕ್ಕಳು ಮಲಗಿಕೊಂಡೇ ಓದುತ್ತಾರೆ, ಯಾರೂ ಎಬ್ಬಿಸುವುದಿಲ್ಲ ಎಂದೆ. ನಿನ್ನ ನಾಟಕಮಂದಿರದಲ್ಲಿ ಕೊನೆಯ ಸಾಲಿನ ಅಗ್ಗದ ಕುರ್ಚಿಯಲ್ಲಿ ಕೂತರೂ ಪಿಸುಮಾತು ಕೇಳಿಸುತ್ತದೆ ಎಂದೆ. ರಾಟರ್‌ಡ್ಯಾಮ್ ಬಂದರಿನ ನಿನ್ನ ಗೋಪುರ, ನಿನಗೆ ಬಹುಮಾನ ತಂದದ್ದು, ನನಗೆ ಹಿಡಿಸಲಿಲ್ಲ ಎಂದೂ ಹೇಳಿದೆ. ಅದರ ಬುಡದಲ್ಲಿ ಗಾಳಿ ಹೊಡೆದು ನನ್ನ ಕೊಡೆ ಮಗುಚಿತು. ಆದರೆ ಅದರ ನಂತರ ಕಟ್ಟಿದ ವೃದ್ಧರ ವಸತಿಯಲ್ಲಿ ಪ್ರತಿ ಬಾಗಿಲ ಪಕ್ಕದಲ್ಲೂ ಗಾಳಿಗೆ ಮರೆಯಾದ ಬೆಂಚಿದೆ. ಹೇಳಿದರೆ ಕಲಿಯುತ್ತಾನೆ ಎಂದೆ.

ಹಾರ್ಮನ್ ಬಿಡುವವನೇ? "ಅಷ್ಟೆಲ್ಲ ನಿಂಗೆ ಹೆಂಗೆ ಗೊತ್ತು ಫ್ರೌಕೆ? ಅವನ ಜೊತೆ ಮಾತೇ ಬಿಟ್ಟಿದ್ದೀಯಲ್ಲ!"

"ಮಾತು ಬಿಟ್ಟಿದ್ದೀನಿ, ರೈಲು ಹತ್ತೋದು ಬಿಟ್ಟಿಲ್ಲ" ಅಂದೆ.

ಇಡೀ ಕೋಣೆ ನಕ್ಕಿತು. ನನ್ನ ಮುಖ ಕೆಂಪಾಗಿದ್ದಿರಬೇಕು. ಹೌದು, ಹೋಗಿದ್ದೆ. ನೀನು ಕಚೇರಿಯನ್ನು ರಾಟರ್‌ಡ್ಯಾಮಿಗೆ ಒಯ್ದೆ, ನಾನು ಕಲಿಸುವ ಶಾಲೆಯನ್ನು ಬಿಟ್ಟು ಬರಲಿಲ್ಲ. ಒಂದೇ ಸೂರಿನಡಿ ಬಾಳುತ್ತಿದ್ದವರು ಇಬ್ಬರೂ ಹಟ ಮಾಡಿ ಬೇರೆಯಾದೆವು. ಆದರೆ ನಿನ್ನ ಒಂದೊಂದು ಕಟ್ಟಡ ಮುಗಿದಾಗಲೂ ರಜೆಯಲ್ಲಿ ಹೋಗಿ ನೋಡಿ ಬಂದೆ. ನಾಟಕಮಂದಿರದಲ್ಲಿ ಬಹಳ ನೀರಸವಾದ ನಾಟಕವೊಂದನ್ನು ಪೂರ್ತಿ ಕೂತು ನೋಡಿದೆ, ಚಾವಣಿಗೋಸ್ಕರ.

ನಗು ನಿಂತ ಮೇಲೆ ಆಲ್ತ್ಯೆ ಅಜ್ಜಿ ಮಾದರಿಯ ಸೂರನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, "ಈಗ ನೋಡ್ರಿ, ಉಸಿರಾಡ್ಬಹುದು" ಅಂದಳು. ಹಾರ್ಮನ್ ರಸ್ಕಿನ ರಟ್ಟಿನ ಡಬ್ಬಿ ಹರಿದು ಮಡಿಸಿ ಇಳಿಜಾರಿನ ಹಗುರ ಸೂರು ಮಾಡಿಟ್ಟ. ಉತ್ತರದ ಗಾಜು ತೆಗೆದು ಅಲ್ಲಿ ಮರದ ಗೋಡೆ ಎಂದರು, ಅಡುಗೆಕೋಣೆ ಕಾಲುವೆಯ ಕಡೆಗಿರಲಿ ಎಂದರು. ಆಮೇಲೆ ಕಡೆಗೊಂದು ಜಗಳವೂ ಆಯಿತು, ಇಸ್ಪೀಟಿನ ಮೇಜು ಎಲ್ಲಿರಬೇಕೆಂದು. ಕಂಪನಿಯವನು ಯಾವಾಗ ಹೊರಟುಹೋದನೋ ಯಾರೂ ನೋಡಲಿಲ್ಲ. ಕೊನೆಗೆ ನಿನ್ನನ್ನೇ ಮತ್ತೆ ಕೇಳುವುದೆಂದು ಎತ್ತಿದ ಕೈಗಳಲ್ಲಿ ಆಲ್ತ್ಯೆ ಅಜ್ಜಿಯ ಎರಡೂ ಕೈ ಇದ್ದವು.

ನಿನಗೆ ತಲುಪಿದ್ದು ಸೂರು ಬೇಡ ಎಂಬ ಮಾತು ಮಾತ್ರ. ನೀನು ಬೇಡ ಎಂದು ಇಲ್ಲಿ ಯಾರೂ ಹೇಳಲಿಲ್ಲ. ಈ ತಿಂಗಳೊಳಗೆ ನೀನು ಒಪ್ಪದಿದ್ದರೆ ಆ ತಗಡಿನ ಗೋದಾಮೇ ಗತಿ. ಈ ಜನ ತಾವು ಮುರಿದ ರಟ್ಟಿನ ಸುತ್ತ ನಿಂತು ಮಾತಾಡುತ್ತಿದ್ದುದನ್ನು ನೀನು ನೋಡಬೇಕಿತ್ತು. ಭೂಮಿ ನಡುಗಲು ಶುರುವಾದಂದಿನಿಂದ ಇವರು ಕೆಡಹುವುದರ ಬಗ್ಗೆ ಮಾತ್ರ ಮಾತಾಡಿದ್ದರು. ಅಂದು ಮೊದಲ ಸಲ ಕಟ್ಟುವ ಮಾತಾಡಿದರು. ಅದಕ್ಕೆ ಕಾರಣ ನಿನ್ನ ಮಾದರಿಯೇ.

ಬಾ, ಎಪ್ಪೊ. ಬೈಯಬೇಕೆಂದಿದ್ದರೆ ಎದುರಿಗೇ ಬಂದು ಬೈ. ಆ ಹಗುರ ಸೂರನ್ನು ಹೇಗೆ ನಿಲ್ಲಿಸಬೇಕೆಂದು ನಿನಗಲ್ಲದೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನ ಬರುವಿಕೆಯನ್ನು ಎದುರು ನೋಡುವವರಲ್ಲಿ ಒಬ್ಬಳು,
ಫ್ರೌಕೆ

ತಾ.ಕ.: ಊರಿನ ವಸತಿಗೃಹ ದುರಸ್ತಿಗೆಂದು ಮುಚ್ಚಿದೆ. ನಮ್ಮ ಮನೆಯ ಮೇಲಿನ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಎಪ್ಪೊ ಬಂದರೆ ಎಷ್ಟು ದಿನ ಇರುತ್ತಾನೆ ಎಂದು ಹಾರ್ಮನ್‌ನ ಹೆಂಡತಿ ಈಗಾಗಲೇ ವಿಚಾರಿಸಿದಳು. ಸೂರು ಮುಗಿಯುವವರೆಗೆ ಎಂದಿದ್ದೇನೆ. ಯಾವ ಸೂರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.