ಯಾರ ಅಪ್ಪಣೆ

ಫೆಬ್ರವರಿ 4, ಭಾನುವಾರ
ಇಸ್ತ್ರಿ. ಹಂಗೇರಿಯ ಕಾದಂಬರಿಯೊಂದರ ಅನುವಾದ ಓದುತ್ತಿದ್ದೇನೆ, ಅರ್ಧಕ್ಕೆ ಬಂದಿದೆ. ಸಂಜೆ, ಇಲ್ಲೇ ಗಲ್ಫಿನ ಬನಿಯಾಸ್‌ನ ಟಯರ್ ಅಂಗಡಿಯಲ್ಲಿ ದುಡಿಯುವ ನಮ್ಮೂರಿನ ಕೊರಗಪ್ಪಣ್ಣ ಬಂದರು. ಊರಿನವರು ಪುರಸಭೆಯ ಮೇಲೆ ಹಾಕಿದ ಮೈದಾನದ ಕೇಸಿಗೆ ಅವರೇ ಮುಖ್ಯ ಸಾಕ್ಷಿ — ಅಲ್ಲಿನ ಕಬಡ್ಡಿ ತಂಡದ ಹಳೆಯ ಕ್ಯಾಪ್ಟನ್. ಹೇಳಿಕೆ ನನ್ನ ಲ್ಯಾಪ್‌ಟಾಪಿನಿಂದ, ವಿಡಿಯೊದಲ್ಲಿ.
ಜಾಗ ಪುರಸಭೆಯದು. ಮಳಿಗೆ ಕಟ್ಟುತ್ತಾರಂತೆ. ಯಾರ ಅನುಮತಿಯೂ ಇಲ್ಲದೆ, ಹಕ್ಕೆಂದೇ ಆಡುತ್ತಿದ್ದೆವು ಎಂದು ಸಾಬೀತಾದರೆ ಸಾರ್ವಜನಿಕ ಮೈದಾನವೆಂದು ದಾಖಲಾಗುತ್ತದೆ. ಅವರ ಕಾಲನಿಗೆ ಬೇರೆ ಬಯಲಿಲ್ಲ.
ತಾಲೀಮು ಮಾಡಿಸಿದೆ. ಹೆಸರು ಕೇಳಿದರೂ ಮೈದಾನದ ಮೂಲೆಯಲ್ಲಿರುವ, ಊರು ಕಾಯುವ ಭೂತದ ಕಲ್ಲಿನ ಕತೆ.
"ಕತೆ ಬೇಡ ಅಣ್ಣ. ಕೇಳಿದ್ದಕ್ಕೆ ಹೌದು, ಇಲ್ಲ. ಅಷ್ಟೇ."
"ನೀವು ಅಷ್ಟು ದಪ್ಪ ಪುಸ್ತಕ ಓದುದು. ನಾನು ಎರಡು ಮಾತು ಹೇಳಿದ್ರೆ ಉದ್ದ ಆಯ್ತಾ ಮಾರಾಯ್ರೆ?"

ಫೆಬ್ರವರಿ 13, ಮಂಗಳವಾರ
ಅರ್ಧ ದಿನ ರಜೆ. ಕೊರಗಪ್ಪಣ್ಣ ಹೊಸ ಶರ್ಟಿನಲ್ಲಿ ಬಂದಿದ್ದರು. ನಾನು ಬಾಯಿ ಬಿಡಬಾರದೆಂದು ಜಡ್ಜ್ ಮೊದಲೇ ಹೇಳಿದರು.
ಪುರಸಭೆಯ ವಕೀಲರು ನಮ್ಮೂರಿನ ಕಡೆಯವರೇ. ಪದ ಆರಿಸಿ ಕೇಳಿದರು.
"ಆಡುವ ಮೊದಲು ಅಪ್ಪಣೆ ಕೇಳ್ತಿದ್ರಾ?"
"ಹೌದು."
"ಪ್ರತಿ ಸಲ?"
"ಹೌದು. ಅಪ್ಪಣೆ ಇಲ್ಲದೆ ಯಾರೂ ಕಾಲಿಡುದಿಲ್ಲ."
ಪಾಟೀಸವಾಲು ಅಲ್ಲಿಗೇ ಮುಗಿಸಿದರು.
ಕಲ್ಲಿನ ಮುಂದೆ ವೀಳ್ಯ ಇಟ್ಟು ಭೂತದ ಅಪ್ಪಣೆ ಕೇಳುವುದು... ಊರಿನವರಿಗೆಲ್ಲ ಗೊತ್ತು. ನಮ್ಮ ವಕೀಲರು ಬೆಂಗಳೂರಿನವರು. ಯಾರ ಅಪ್ಪಣೆ ಎಂದು ಕೇಳಲಿಲ್ಲ.
ಸ್ಕ್ರೀನ್ ಆರಿತು.
"ಉದ್ದ ಮಾಡ್ಲಿಲ್ಲ. ಸರಿ ಹೇಳಿದೆ ಅಲ್ವಾ?"
ಸರಿ ಎಂದೆ.

ಫೆಬ್ರವರಿ 15
ವಕೀಲರಿಗೆ ಫೋನ್ ಮಾಡಿ ವಿವರಿಸಿದೆ. "ಈಗ ಭೂತದ ಅಪ್ಪಣೆ ಅಂದ್ರೆ, ನಾವು ಹೇಳ್ಕೊಟ್ಟಿದ್ದು ಅಂತಾರೆ ಸಾರ್. ಅವರನ್ನ ಮತ್ತೆ ಕೇಳೋಕೆ ಅರ್ಜಿ ಹಾಕಿ ನೋಡೋಣ."

ಮಾರ್ಚ್ 6
ಸಾಕ್ಷಿಯ ಮರುವಿಚಾರಣೆಯ ಅರ್ಜಿ ವಜಾ. ಕಾದಂಬರಿ ಓದಲಾಗುತ್ತಿಲ್ಲ.

ಜೂನ್ 21, ಶುಕ್ರವಾರ
ತೀರ್ಪು. ಅನುಮತಿ ಪಡೆದೇ ಬಳಸುತ್ತಿದ್ದುದನ್ನು ಸಾಕ್ಷಿ ಒಪ್ಪಿರುವುದರಿಂದ ದಾವೆ ವಜಾ. ಮಧ್ಯಾಹ್ನದೊಳಗೆ ತಗಡಿನ ಬೇಲಿ ಬಂತಂತೆ. ಕಲ್ಲು ಒಳಗೆ.

ಜೂನ್ 23
ಕೊರಗಪ್ಪಣ್ಣ ಬಂದರು. ತೀರ್ಪಿನ ಆ ಸಾಲು ಓದಿ ಹೇಳಿದೆ.
"ಪುರಸಭೆ ಹತ್ರ ನಾವು ಯಾವಾಗ ಕೇಳಿದ್ದು?"
"ಅಪ್ಪಣೆ ಅಂದ್ರಲ್ಲ ಅಣ್ಣ."
ಚಹಾ ಮುಟ್ಟಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ,
"ರಜೆಗೆ ಹೋದ್ರೆ ಕಲ್ಲಿಗೆ ವೀಳ್ಯ ಇಡ್ಲಿಕ್ಕುಂಟು. ಬೇಲಿ ಒಳಗೆ ಹೋಗ್ಲಿಕ್ಕೆ ಇನ್ನು ಯಾರ ಅಪ್ಪಣೆ ಕೇಳುದು?"
ಕೇಳಿದ್ದಕ್ಕೆ ಉತ್ತರ ಒಂದೇ ಪದ: ಪುರಸಭೆಯದು. ನಾನು ಅದನ್ನು ಹೇಳದೆ ಅವರ ಜೊತೆ ಗೇಟಿನವರೆಗೆ ನಡೆದೆ.