ಮಾರ್ಚ್ ತಿಂಗಳ ಪೀಪಾಯಿ

ಝೀಹನ್, ಟಾಸ್ಮೇನಿಯಾ
೧೧ ಸೆಪ್ಟೆಂಬರ್ ೧೯೯೪

ಗೆಳೆಯ ಕ್ಲೆಮ್,

ನಲವತ್ತು ವರ್ಷ ನಿನಗೆ ಕಾಗದ ಬರೆಯುವ ಪ್ರಸಂಗವೇ ಬರಲಿಲ್ಲ. ಬೇಲಿಯ ಹತ್ತಿರ ನಿಂತು ಕೂಗಿದರೆ ಸಾಕಿತ್ತು. ಈಗ ನೀನು ಮಕಾಯ್‌ನ ಬಿಸಿಲಲ್ಲಿದ್ದೀಯ. ಕೂಗಿದರೆ ಕೇಳಿಸುವುದಿಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಲೈಲ್ ಜೊತೆ ಮಾತು ಬಿಟ್ಟಿದ್ದೇನೆ, ಅವನ ಮನೆ ಕಡೆ ಹೋಗುವುದನ್ನೂ ನಿಲ್ಲಿಸಿದ್ದೇನೆ ಎಂದು ಬರೆದಿದ್ದೀಯ. ಅಲ್ಲಿನ ನಿನ್ನ ಹೊಸ ಗೆಳೆಯನ ಬಗ್ಗೆ ಬರೆದ ಆ ಸಾಲನ್ನು ಮೂರು ಸಲ ಓದಿದೆ. ಸುಳ್ಳು ಯಾಕೆ, ಮೂರು ಸಲವೂ ಖುಷಿಯಾಯಿತು. ನಾಲ್ಕನೇ ಸಲ ಐವಿಗೆ ಓದಿ ಹೇಳಿದೆ. ಅವಳು ಟೀ ಲೋಟ ಕೆಳಗಿಟ್ಟು, "ಇವತ್ತೇ ಕೂತು ನಿಜ ಬರಿ. ನೀನು ಬರೀದಿದ್ರೆ ನಾನು ಬರೀತೀನಿ. ನನ್ನ ಅಕ್ಷರ ನಿನ್ನದಕ್ಕಿಂತ ಚೆನ್ನಾಗಿದೆ" ಅಂದಳು. ಹೆಂಡತಿಯ ಹೆದರಿಕೆಗೆ ಬರೆಯುತ್ತಿದ್ದೇನೆ ಎಂದುಕೊಂಡರೂ ಸರಿಯೇ.

ಮಾರ್ಚ್‌ನಲ್ಲಿ ನೀನು ಹೊರಡುವ ಮುಂಚೆ ನಾವಿಬ್ಬರೂ ಮಾಡಿದ ಏಲ್ ಬಿಯರನ್ನು ಪೀಪಾಯಿಗೆ ತುಂಬಿ, ಬಿರಡೆ ಬಡಿದು, ನನ್ನ ಶೆಡ್ಡಿನಲ್ಲಿ ಮಲಗಿಸಿದೆವಲ್ಲ? ನೀನು "ಆಗಸ್ಟ್‌ನಲ್ಲಿ ಬರ್ತೀನಿ, ಅಲ್ಲೀತನಕ ಮುಟ್ಟಬೇಡ ಕಣೋ" ಅಂದಿದ್ದೆ. ಮುಟ್ಟಲಿಲ್ಲ. ಭಾನುವಾರಕ್ಕೊಮ್ಮೆ ಮಾತ್ರ ಬಿರಡೆಯಲ್ಲಿನ ಸಣ್ಣ ಗೂಟ ತುಸು ಸಡಿಲಿಸಿ, ಹೆಚ್ಚಾದ ಗಾಳಿ ಹೋಗಲು ಬಿಟ್ಟು, ಮತ್ತೆ ಬಿಗಿಯುತ್ತಿದ್ದೆ. ಜೂನ್‌ನ ಚಳಿಗೆ ಯೀಸ್ಟ್ ಮಲಗಿಬಿಟ್ಟೀತೆಂದು ಹಳೆಯ ಕಂಬಳಿ ಹೊದಿಸಿದೆ. ಗಸಿ ತಳಕ್ಕಿಳಿಯಬೇಕು, ಪೀಪಾಯಿ ಅಲುಗಬಾರದು ಎಂದು ಆ ಮೂಲೆಯಲ್ಲಿ ಸುತ್ತಿಗೆ ಕೂಡ ಆಡಿಸಲಿಲ್ಲ.

ಅಷ್ಟರಲ್ಲಿ ನಿನ್ನ ಕಾಗದಗಳ ತುಂಬ ಲೈಲ್ ಬಂದ. ಲೈಲ್ ಹತ್ತಿರ ಫ್ರಿಜ್ ಇದೆ, ಲೈಲ್ ಹತ್ತಿರ ಗ್ಯಾಸ್ ಸಿಲಿಂಡರ್ ಇದೆ, ಲೈಲ್ ಎರಡೇ ದಿನದಲ್ಲಿ ನೊರೆ ಬರಿಸುತ್ತಾನೆ, ಅವನ ಬಿಯರ್ ಗಾಜಿನ ಹಾಗೆ ತಿಳಿಯಾಗಿರುತ್ತದೆ. ನಾವು ತಿಂಗಳುಗಟ್ಟಲೆ ಕಾದದ್ದೆಲ್ಲ ದಡ್ಡತನ ಎಂದು ನೀನು ಬರೆಯಲಿಲ್ಲ, ಆದರೆ ನಾನು ಹಾಗೆಯೇ ಓದಿಕೊಂಡೆ. ಜುಲೈಯಲ್ಲಿ ನೀನು, "ಲೈಲನ್ನೂ ಕರ್ಕೊಂಡು ಬರ್ತೀನಿ, ಮೂವರೂ ಸೇರಿ ತೆರೆಯೋಣ" ಎಂದು ಬರೆದೆ. ಮೂವರೂ!

ಮುಂದಿನ ಶನಿವಾರ ಫುಟ್‌ಬಾಲ್ ಮುಗಿಸಿ ಬರುತ್ತಿದ್ದವರನ್ನೆಲ್ಲ ಬೀದಿಯಿಂದ ಕರೆದು ಆ ಪೀಪಾಯಿಗೆ ನಲ್ಲಿ ಹೊಡೆದೆ. ಸಂಜೆಯ ಊಟದ ಹೊತ್ತಿಗೆ ಖಾಲಿ. ಕ್ಲೆಮ್, ನಾವು ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಕಡೆಯ ಲೋಟವನ್ನು ನಾನೊಬ್ಬನೇ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕುಡಿದೆ. ಐವಿ ಬಂದು ಪೀಪಾಯಿ ತಟ್ಟಿ ನೋಡಿ, "ಹೊಟ್ಟೆಕಿಚ್ಚು ಅವನ ಮೇಲೆ, ಬರಿದು ಮಾಡಿದ್ದು ನಿನ್ನದನ್ನೇ" ಅಂದಳು.

ನಿನಗೆ ಗೊತ್ತಾಗಬಾರದೆಂದು ಸೋಮವಾರವೇ ಹೊಸದನ್ನು ಕುದಿಸಿದೆ. ಆಗಸ್ಟ್‌ನಲ್ಲಿ ನೀವಿಬ್ಬರೂ ಬರುವ ಹೊತ್ತಿಗೆ ಅದು ಅದೇ ಪೀಪಾಯಿಗಿಳಿದು ಹನ್ನೆರಡು ದಿನವಾಗಿತ್ತು. ಆ ಚಳಿಗೆ ಹನ್ನೆರಡು ದಿನ ಯಾವ ಮೂಲೆಗೆ? ನೀನು ಅಡುಗೆಮನೆಯಲ್ಲಿ ಐವಿ ಜೊತೆ ಹರಟುತ್ತಿದ್ದಾಗ ಲೈಲ್ ಶೆಡ್ಡು ನೋಡುತ್ತೇನೆಂದು ನನ್ನ ಹಿಂದೆ ಬಂದ. ನಲ್ಲಿಯಿಂದ ಒಂದು ಗುಟುಕು ಹಿಡಿದು ಮೂಸಿದ, ಕುಡಿದ.

"ಮರ್ವ್, ಇದು ಮಾರ್ಚ್ ತಿಂಗಳದ್ದಲ್ಲ."

"ಅಲ್ಲ."

"ಅದೆಲ್ಲಿ?"

"ಊರವರಿಗೆಲ್ಲ ಕುಡಿಸ್ದೆ."

"ಕ್ಲೆಮ್‌ಗೆ ಗೊತ್ತಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಪೀಪಾಯಿಯ ಮೇಲೆ ಕೈಯಿಟ್ಟು, "ಮಕಾಯ್‌ನಿಂದ ಇಲ್ಲೀವರೆಗೂ ಕ್ಲೆಮ್‌ಗೆ ಇದರದ್ದೇ ಮಾತು. ಮರ್ವ್ ಹೀಗೆ ಕಾಯ್ತಾನೆ, ಮರ್ವ್ ಹಾಗೆ ನೋಡ್ಕೋತಾನೆ. ನಿಮ್ಮ ಮುಖ ನೋಡೋಕೆ ಮುಂಚೇನೇ ನಿಮ್ಮನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ" ಅಂದ. ಆಮೇಲೆ ಎರಡೂ ಕೈಯಿಂದ ಪೀಪಾಯಿಯನ್ನು ಮರದ ಚೌಕಟ್ಟಿನಿಂದ ಕೆಳಕ್ಕೆ ಉರುಳಿಸಿಬಿಟ್ಟ.

ಸದ್ದು ಕೇಳಿ ನೀನು ಓಡಿಬಂದೆ. "ಕಾಲು ತಾಗ್ತು ಕ್ಲೆಮ್, ತಪ್ಪಾಯ್ತು" ಅಂದ ಲೈಲ್. ಒಳಗಿನ ಗಸಿ ಎದ್ದು ಬಿಯರೆಲ್ಲ ಕೆಸರು ನೀರಿನ ಹಾಗಾಗಿತ್ತು. ಅದರ ರುಚಿ ಏನಿತ್ತು, ಏನಿರಲಿಲ್ಲ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. "ಐದು ತಿಂಗಳು ಮಗು ಥರ ಇಟ್ಕೊಂಡಿದ್ದಾನೆ. ಐದು ನಿಮಿಷಕ್ಕೆ ಹಾಳು ಮಾಡ್ದೆಯಲ್ಲೋ" ಎಂದು ನೀನು ಅವನಿಗೆ ಬೈದೆ, ನಿನಗೆ ನೆನಪಿರಬೇಕು. ಅವನು ತಲೆ ತಗ್ಗಿಸಿ ನಿಂತಿದ್ದ. ನಾನೂ ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನೀನು ನನ್ನ ಹೆಗಲ ಮೇಲೆ ಕೈ ಹಾಕಿದಾಗ, ಇಷ್ಟು ದಿನಕ್ಕೆ ಗೆದ್ದೆ ಅನ್ನಿಸಿತು.

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. ಒಳ್ಳೆಯವನು ಅನ್ನುವುದನ್ನೇ ನನ್ನಿಂದ ಕ್ಷಮಿಸಲಾಗುತ್ತಿಲ್ಲ. ನನಗಾಗಿ ನಲವತ್ತು ವರ್ಷದಲ್ಲಿ ನೀನೂ ಅಷ್ಟು ಮಾಡಿಲ್ಲ, ನಿನಗಾಗಿ ನಾನೂ ಮಾಡಿಲ್ಲ.

ಇದು ನಿನ್ನ ಕೈ ಸೇರಿದ ದಿನವೇ ಅವನ ಮನೆಗೆ ಹೋಗು. ನನ್ನ ಮೇಲಿನ ಸಿಟ್ಟಿಗೆ ನೀನು ಕಾಗದ ಬರೆಯದೆ ಇದ್ದರೂ ತಾಳಿಕೊಳ್ಳುತ್ತೇನೆ. ಆದರೆ ಅವನ ಬಾಗಿಲು ಮೊದಲು ತಟ್ಟು.

ಬೇಲಿಯೀಚೆಗಿನ ನಿನ್ನ
ಮರ್ವ್

ಮರೆತ ಮಾತು: ಮರೆತದ್ದಲ್ಲ, ಐವಿಗೂ ಹೇಳಿಲ್ಲ. ಹತ್ತು ದಿನದ ಹಿಂದೆ ಲೈಲ್‌ನಿಂದ ನನಗೊಂದು ಕಾಗದ ಬಂದಿತ್ತು. ಒಂದೇ ಒಂದು ದೂರಿಲ್ಲ. ಗ್ಯಾಸ್ ಬಿಟ್ಟು ನಿಮ್ಮಿಬ್ಬರ ಹಾಗೆಯೇ ಕಾದು ನೋಡುತ್ತೇನೆ, ಕ್ಲೆಮ್‌ಗೆ ಕೊಡಬೇಕು, ಪೀಪಾಯಿ ಮುಚ್ಚುವಾಗ ಸಕ್ಕರೆ ಎಷ್ಟು ಹಾಕುತ್ತೀರಿ ಎಂದು ಕೇಳಿದ್ದ. ಬೇಕಂತಲೇ ಅರ್ಧ ಅಳತೆ ಬರೆದು ಕಳಿಸಿದ್ದೇನೆ. ಅಷ್ಟರಲ್ಲಿ ಬೊಗಸೆ ನೊರೆಯೂ ಬರುವುದಿಲ್ಲ. ಅವನು ಬಿರಡೆ ಬಡಿಯುವ ಮುಂಚೆ ಸರಿಯಾದದ್ದನ್ನು ಹೇಳಿಬಿಡು.