ಕೆಳಗೆ ಬಾಯಿ ಮಾಡಿದ ಕೊಕ್ಕೆ

ಅಕ್ಟೋಬರ್ 6, ಬೆಳಗ್ಗೆ 7-30

ಅಕ್ಕನಿಗೆ ಅಂಗಿ ಹಾಕಿಸಲು ಹೋದೆ. ಆಗಲೇ ಹಾಕಿಕೊಂಡು ಕೂತಿದ್ದಾಳೆ. ಎಡಗೈ ಒಂದರಲ್ಲೇ. ಆರೂ ಕೊಕ್ಕೆ ಸರಿಯಾಗಿ ಬಿದ್ದಿವೆ, ಕಾಲರ್ ಮಾತ್ರ ಒಳಗೆ ಮಡಚಿಕೊಂಡಿತ್ತು. ಸರಿಮಾಡಲು ಕೈ ಚಾಚಿದರೆ, "ಮುಟ್ಬೇಡ, ಅದು ಫ್ಯಾಶನ್ನು." ಸ್ಟ್ರೋಕ್ ಆಗಿ ಎರಡು ವರ್ಷ. ಬಲಗೈ ಇನ್ನೂ ಮಡಿಲಲ್ಲೇ ಮಲಗಿರುತ್ತದೆ. ಬಾಯಿ ಮಾತ್ರ ಪೂರ್ತಿ ಗುಣವಾಗಿದೆ. ಅವಳ ಪುಣ್ಯ... ನನ್ನ ಗ್ರಹಚಾರ.

ಅಂಗಡಿ ಬಾಗಿಲು ತೆಗೆಯುವ ಮೊದಲೇ ಪೇಟೆಂಟ್ ಏಜೆಂಟಮ್ಮನ ಫೋನ್. ಒಂದೇ ಕೈಯಲ್ಲಿ ಹಾಕಿಕೊಳ್ಳಲೆಂದು ಅಕ್ಕನಿಗಾಗಿ ಮಾಡಿದ ಈ ಕೊಕ್ಕೆಗೆ ಹೋದ ವರ್ಷ ನವೆಂಬರ್ 20ಕ್ಕೆ ಇಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದೆವು. ಹೊರದೇಶಗಳಲ್ಲೂ ರಕ್ಷಣೆ ಬೇಕೆಂದರೆ ಒಂದು ವರ್ಷ ತುಂಬುವುದರೊಳಗೆ ಅಂತರರಾಷ್ಟ್ರೀಯ ಅರ್ಜಿ ಹೋಗಬೇಕಂತೆ.

"ಒಂದೇ ಅರ್ಜಿ, ನೂರೈವತ್ತಕ್ಕೂ ಹೆಚ್ಚು ದೇಶಕ್ಕೆ ದಾರಿ. ಪೇಟೆಂಟ್ ಕೊಡೋದು ಬಿಡೋದು ಆಮೇಲೆ ಆಯಾ ದೇಶದವ್ರು. ಈಗ ಸಾಲಲ್ಲಿ ಜಾಗ ಹಿಡ್ಕೊಳ್ಳೋದು ಅಷ್ಟೆ. ತಾರೀಕು ತಪ್ಪಿದ್ರೆ ಆ ಜಾಗ ಹೋಯ್ತು ಅನ್ಕೊಳಿ."

ಪಕ್ಕದ ಬೀದಿಯವರಿಗೂ ಗೊತ್ತಿಲ್ಲದ ಟೈಲರ್ ನಾನು. ನೂರೈವತ್ತು ದೇಶ! ಅಕ್ಕನಿಗೆ ಹೇಳಿದೆ. ಸರ್ವೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕಾಶೆಗಳ ಮೇಲೆ ಊರಿನ ಹೆಸರು, ಹೊಳೆಯ ಹೆಸರು ಬರೆದವಳು. "ನನ್ನ ನಕಾಶೆ ಗಡಿ ಬಂದ ತಕ್ಷಣ ನಿಂತ್ಬಿಡ್ತಿತ್ತು. ನಿನ್ನ ಕೊಕ್ಕೆನಾದ್ರೂ ದಾಟ್ಲಿ ಬಿಡು" ಅಂದಳು.

ಅಕ್ಟೋಬರ್ 9

ವಿವರಣೆ ಬರೆದು ಕಳಿಸಿದೆ. ಒಳಗಿನ ಅಂಚಿಗೆ ಗುಂಡಿ, ಹೊರಗಿನ ಅಂಚಿಗೆ ಕೊಕ್ಕೆ, ಕೊಕ್ಕೆಯ ಬಾಯಿ ನೆಲದ ಕಡೆಗೆ. ಅಂಚನ್ನು ಎತ್ತಿ ಗುಂಡಿಯ ಮೇಲೆ ಬಿಟ್ಟರೆ ಆಯಿತು, ತಾನೇ ಇಳಿದು ಕೂರುತ್ತದೆ. ಇಷ್ಟು ಹೇಳಲು ನಾಲ್ಕು ಪುಟ. ನಾನು ಯೋಚಿಸಿದೆ, ನಾನು ಕತ್ತರಿಸಿದೆ, ನಾನು ಹೊಲಿದೆ. ಸಂಶೋಧಕರು ಎಂಬ ಕಡೆ ಹೋದ ವರ್ಷದಂತೆ ನನ್ನೊಬ್ಬಳದೇ ಹೆಸರು. ಮುಗಿಯಿತು. ಹಗುರವಾಯಿತು.

ಅಕ್ಟೋಬರ್ 14, ಮಧ್ಯಾಹ್ನ 3

ಅರ್ಜಿಯ ಜೊತೆ ಹೋಗುವ ಚಿತ್ರಗಳು ಬಂದವು. ಏಜೆಂಟಮ್ಮನ ಕಚೇರಿಯ ಡ್ರಾಫ್ಟ್ಸ್‌ಮನ್ ಬರೆದದ್ದು. ಕಪ್ಪು ಗೆರೆ, ಸಣ್ಣ ಸಣ್ಣ ಅಂಕಿ, ಬಲು ಚೆನ್ನ. ಅಕ್ಕ ಟೀ ಕುಡಿಯುತ್ತಾ ಇಣುಕಿದಳು.

"ಇದ್ಯಾವ್ ಕೊಕ್ಕೆ?"

"ನಮ್ದೇ."

"ಅಲ್ಲ. ಬಾಯಿ ಪಕ್ಕಕ್ಕಿದೆ ನೋಡು. ಇದು ನೀನು ಮೊದ್ಲು ಮಾಡಿದ್ದು. ನಾನು ಕೆಳಕ್ಕೆ ತಿರುಗ್ಸಿದ ಮೇಲೆ ಆಗಿದ್ದಲ್ಲ."

ಹೇಳಿ, ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾ ಕೂತಳು. ಅವಳಿಗೇನೂ ಅನ್ನಿಸಲಿಲ್ಲ. ನಾನು ಕಳಿಸಿದ್ದ ನಾಲ್ಕು ಪುಟವನ್ನು ಮತ್ತೆ ತೆರೆದು ಓದಿದೆ.

ಏಜೆಂಟಮ್ಮನಿಗೆ ಫೋನ್ ಮಾಡಿದರೆ ನಕ್ಕರು. "ನೀವು ಬರೆದು ಕೊಟ್ಟಿದ್ರೂ ಅಭ್ಯಾಸಬಲದಲ್ಲಿ ಹಾಗೇ ಬರೆದಿದಾನೆ. ಎರಡು ಕೈ ಇರೋರಿಗೆ ಕೊಕ್ಕೆ ಅಂದ್ರೆ ಪಕ್ಕಕ್ಕೇ. ಯಾರು ಗುರುತಿಸಿದ್ದು?"

"ಅಕ್ಕ" ಅಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಅಕ್ಟೋಬರ್ 27

ಹದಿಮೂರು ದಿನ ಈ ಪುಸ್ತಕ ತೆರೆಯಲಿಲ್ಲ. ಪುರುಸೊತ್ತಿರಲಿಲ್ಲ ಅಂತ ಬರೆಯಬಹುದು. ಸುಳ್ಳು.

ಹೋದ ವರ್ಷ ಕೊಕ್ಕೆ ಮಾಡಿದಾಗ ನಡೆದದ್ದು ಇಷ್ಟು. ನನ್ನ ಮೊದಲ ಕೊಕ್ಕೆಯ ಬಾಯಿ ಪಕ್ಕಕ್ಕಿತ್ತು. ಸಿಕ್ಕಿಸಲು ಬಟ್ಟೆಯನ್ನು ಎರಡೂ ಕಡೆಯಿಂದ ಎಳೆಯಬೇಕು. ಅಕ್ಕ ಮುಕ್ಕಾಲು ಗಂಟೆ ಒದ್ದಾಡಿದಳು. ಬೆವರಿದಳು. ಆಮೇಲೆ, "ಬಿಚ್ಚಿ ಕೆಳಮುಖ ಮಾಡಿ ಹೊಲಿ" ಅಂದಳು. ತಮಾಷೆ ಅಂದುಕೊಂಡೆ. ಅವಳ ಮನಸ್ಸು ನೋಯಿಸಬಾರದೆಂದು ಹೊಲಿದೆ. ಎತ್ತಿದಳು, ಬಿಟ್ಟಳು, ಕೂತಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅರ್ಜಿ ಬರೆಯುವಾಗ ಅವಳ ಹೆಸರು ನನಗೆ ಹೊಳೆಯಲೇ ಇಲ್ಲ. ಬೇಕೆಂದು ಬಿಟ್ಟಿದ್ದರೆ ಕಳ್ಳತನ ಅನ್ನಬಹುದಿತ್ತು. ಇದು ಅದಕ್ಕಿಂತ ಕಡೆ. ಎದುರಿಗೇ ಕೂತವಳು ನನ್ನ ಕಣ್ಣಿಗೆ ಬೀಳಲಿಲ್ಲ. ಅಂಗಿ ತೊಡಿಸಿ ನೋಡುವ ಗೊಂಬೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ ಅಕ್ಕನನ್ನು. ನನ್ನ ಅಕ್ಕನನ್ನು.

ಅಕ್ಟೋಬರ್ 28, ಸಂಜೆ

ಏಜೆಂಟಮ್ಮನ ಎದುರು ಎಲ್ಲ ಒಪ್ಪಿಕೊಂಡೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸಿದರು.

"ಮರ್ಯಾದೆಗೆ ಅಂತ ಒಬ್ರ ಹೆಸರು ಸೇರ್ಸೋಕಾಗಲ್ಲ. ಹಾಗೇ, ಯೋಚನೆ ಕೊಟ್ಟೋರ ಹೆಸರು ಬಿಡೋಕೂ ಆಗಲ್ಲ. ಬಿಟ್ರೆ ಮುಂದೆ ಪೇಟೆಂಟೇ ಬಿದ್ದುಹೋಗ್ಬಹುದು. ಇಲ್ಲಿನ ಅರ್ಜೀಲೂ ತಿದ್ದೋಣ. ಅವ್ರು ಒಪ್ಪಿ ಸಹಿ ಮಾಡ್ಬೇಕು."

ಇಷ್ಟೇ ತಾನೆ ಅಂತ ಓಡೋಡಿ ಮನೆಗೆ ಬಂದೆ. ಹೇಳಿದೆ. ಅಕ್ಕನ ಮುಖ ಬಿಗಿದುಕೊಂಡಿತು.

"ಬೇಡ."

"ಯಾಕೇ?"

"ಕೈ ಹೋದೋಳಿಗೆ ಸಮಾಧಾನಕರ ಬಹುಮಾನನಾ? ನಿನ್ನ ಕನಿಕರ ನೀನೇ ಇಟ್ಕೋ."

"ಕನಿಕರ ಅಲ್ಲ ಕಣೇ..."

"ಒಂದು ವರ್ಷ ನೆನಪಾಗ್ಲಿಲ್ಲ. ಈಗ ನೆನಪಾಯ್ತಾ?"



ನವೆಂಬರ್ 5

ಮಾತಿಲ್ಲ. ಉಪ್ಪು ಕೊಡು, ಕಿಟಕಿ ಹಾಕು. ಅಷ್ಟೆ. ನಾನು ಕಣ್ಣೀರು ಹಾಕಿದರೆ ಕನಿಕರ ಅನ್ನುತ್ತಾಳೆ, ಹಾಕದಿದ್ದರೆ ಕಲ್ಲು ಅನ್ನುತ್ತಾಳೆ. ಗಿರಾಕಿಯೊಬ್ಬರ ಕೋಟಿನ ತೋಳು ಎಡಬಲ ಮಾಡಿ ಹೊಲಿದೆ. ಬಿಚ್ಚಿ ಮತ್ತೆ ಹೊಲಿದೆ. ಇನ್ನು ಹದಿನೈದು ದಿನ.

ನವೆಂಬರ್ 11, ಬೆಳಗ್ಗೆ 11

ಏಜೆಂಟಮ್ಮ ತಾವೇ ಮನೆಗೆ ಬಂದರು. ನನ್ನನ್ನು ನೋಡಲೇ ಇಲ್ಲ. ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತು, ತಪ್ಪು ಚಿತ್ರ ಮುಂದಿಟ್ಟರು.

"ಅಮ್ಮಾ, ನಿಮ್ಮ ಕೈ ಹೇಗಿದೆ ಅಂತ ನಾನು ಕೇಳಲ್ಲ. ಕೆಲಸದ ಮಾತು. ಪಕ್ಕಕ್ಕಿದ್ದ ಬಾಯೀನ ಕೆಳಕ್ಕೆ ಯಾಕೆ ಮಾಡ್ಸಿದ್ರಿ? ಆಕಸ್ಮಿಕನಾ?"

"ಆಕಸ್ಮಿಕ ಅಂತೆ!" ಅಕ್ಕ ಸೆಟೆದು ಕೂತಳು. "ಒಳಗಿನ ಅಂಚು ಭುಜದಿಂದ ನೇತಾಡ್ತಿರುತ್ತೆ, ಎಲ್ಲೂ ಓಡಲ್ಲ. ಅದನ್ನ ಹಿಡ್ಕೊಳೋದ್ಯಾಕೆ? ಹೊರಗಿನ ಅಂಚು ಎತ್ತಿಬಿಟ್ರೆ ಬೀಳಲೇಬೇಕು. ಬೀಳೋ ಬಟ್ಟೆನೇ ಎಳೆಯುತ್ತೆ. ಬಟ್ಟೆಯ ಭಾರಾನೇ ನನ್ನ ಇನ್ನೊಂದು ಕೈ."

"ಹಾಗಾದ್ರೆ ಹಗುರದ ಬಟ್ಟೆಗೆ?"

"ಅಂಚಿನೊಳಗೆ ದಪ್ಪ ಪಟ್ಟಿ ಕೊಡ್ಬೇಕು. ಇವ್ಳಿಗೆ ಹೇಳಿದ್ದೆ."

ಹೇಳಿದ್ದಳು. ಅದನ್ನೂ 'ನಾನು' ಅಂತಲೇ ಬರೆದಿದ್ದೆ.

ಒಂದು ಗಂಟೆ. ಎರಡು ವರ್ಷದಲ್ಲಿ ಯಾರೂ ಅಕ್ಕನನ್ನು ಇಷ್ಟು ಹೊತ್ತು ಪ್ರಶ್ನೆ ಕೇಳಿರಲಿಲ್ಲ. ಊಟ ಆಯಿತಾ, ಮಾತ್ರೆ ಆಯಿತಾ, ಅಷ್ಟೇ ಕೇಳುತ್ತಿದ್ದೆವು. ಏಜೆಂಟಮ್ಮ ಬರೆದುಕೊಂಡು ಎದ್ದರು. "ಇದು ಕನಿಕರ ಅಲ್ಲ, ಕಾನೂನು. ನಿಮಗೆ ಬೇಡ ಅಂದ್ರೂ ಯೋಚನೆ ನಿಮ್ಮದೇ. ನಿಮ್ಮ ಹೆಸರಿಲ್ಲದೆ ಈ ಅರ್ಜಿ ನಾನು ಕಳಿಸಲ್ಲ."

ಬಾಗಿಲವರೆಗೆ ಹೋಗಿ ಬಂದೆ. ಅಕ್ಕ ಕಿಟಕಿ ನೋಡುತ್ತಿದ್ದಳು. ಅವಳ ಕಾಲ ಬಳಿ ಕೂತೆ. "ನನಗೆ ಹೊಳೀಲಿಲ್ಲ ಕಣೇ. ಅದೇ ನನ್ನ ತಪ್ಪು. ಬೇರೇನೂ ಹೇಳಲ್ಲ."

"ಸಣ್ಣವಳಿದ್ದಾಗ್ಲೂ ಹಾಗೇ ನೀನು" ಅಂದಳು. "ಬೆಳಿಗ್ಗೆ ನಾನು ಹೇಳಿದ್ದನ್ನ ಸಾಯಂಕಾಲ ನಂಗೇ ಹೊಸದಾಗಿ ಹೇಳ್ತಿದ್ದೆ." ತಲೆ ಮೇಲೆ ಒಂದು ಮೊಟಕಿದಳು. ಎಡಗೈಯಲ್ಲಿ. ಜೋರಾಗಿಯೇ ಬಿತ್ತು. ಸಂತೋಷಕ್ಕೆ ಅಳು ಬಂತು.

ನವೆಂಬರ್ 15

ದಿನಪತ್ರಿಕೆಯ ಅಂಚಿನ ತುಂಬ ಸೊಟ್ಟ ಅಕ್ಷರಗಳು. ಕೇಳಿದರೆ "ಪದಬಂಧ" ಅಂದಳು. ಪದಬಂಧ ಇರುವ ಪುಟ ಅದಲ್ಲ. ಅಕ್ಷರಗಳೆಲ್ಲ ಅವಳ ಹೆಸರಿನವೇ.

ನವೆಂಬರ್ 18, ಬೆಳಗ್ಗೆ 10-15

ಸಹಿ. ಏಜೆಂಟಮ್ಮ ಮೆತ್ತಗೆ, "ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ" ಅಂದರು.

"ಎಷ್ಟೋ ಊರುಗಳಿಗೆ ಹೆಸರು ಬರೆದೋಳು ನಾನು. ಹೆಬ್ಬೆಟ್ಟು ಒತ್ತಲಾ? ಪೆನ್ ಕೊಡಿ."

ಕಾಗದ ಜಾರಿತು. ಇನ್ನೊಮ್ಮೆ ಜಾರಿತು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ, ಮುಟ್ಟಿದರೆ ಬೈತಾಳೆ ಅಂತ. ಅಕ್ಕ ತಲೆ ಎತ್ತಲಿಲ್ಲ. "ಕಾಗದ ಹಿಡ್ಕೋ" ಅಂದಳು.

ಎರಡು ವರ್ಷದಲ್ಲಿ ಕೈ ಸಾಲದೆಂದು ಅವಳಾಗಿ ಕೇಳಿದ ಮೊದಲ ಸಹಾಯ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಂದೊಂದೇ ಅಕ್ಷರ. ಸಣ್ಣ ಮಗುವಿನ ಬರಹದ ಹಾಗಿದೆ, ಆದರೆ ಅಕ್ಷರದ ನಡುವಿನ ಜಾಗ ನೋಡಬೇಕು. ನಕಾಶೆಯದೇ ಅಚ್ಚುಕಟ್ಟು. ಏಜೆಂಟಮ್ಮ ಮೂಗು ಒರೆಸಿಕೊಂಡು, ನೆಗಡಿ ಅಂದರು.

ನವೆಂಬರ್ 19, ಬೆಳಗ್ಗೆ 11-30

ಹೋಯಿತು! ಒಂದು ದಿನ ಮೊದಲೇ. ಸ್ವೀಕೃತಿ ಮೊಬೈಲಿಗೆ ಬಂತು. ಸಂಶೋಧಕರು: ಮೊದಲು ಅಕ್ಕ, ಆಮೇಲೆ ನಾನು. ಜೋರಾಗಿ ಓದಿಸಿಕೊಂಡಳು. ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ, "ಪುಟ್ಟೀ, ಜಿಪ್ಪಿಗೊಂದು ಯೋಚನೆ ಬಂದಿದೆ. ಪುಸ್ತಕ ತಗೋ. ತಾರೀಕು ಹಾಕ್ಕೊಂಡು ಬರ್ಕೋ."

ಬರೆಯುತ್ತಿದ್ದೇನೆ.

ಅಕ್ಕನ ಯೋಚನೆ. ಅಕ್ಕನದು. ನವೆಂಬರ್ 19, 11-40. ಜಿಪ್ಪಿನ ಕೆಳತುದಿಯನ್ನು ಹಿಡಿಯಲು ಇನ್ನೊಂದು ಕೈ ಬೇಕಾಗದಂತೆ, ಮೊದಲು ಅದರ—

ಹಾಗಲ್ವಂತೆ. ತೋರಿಸುತ್ತಾಳಂತೆ. ನನ್ನ ಹೊಸ ಕೋಟಿನ ಜಿಪ್ಪಿಗೇ ಕತ್ತರಿ ಹಾಕ್ತಿದ್ದಾಳೆ...